ತಾಗಿಲ್ಲ ಎಂದ ದಿನ

ಸ್ಟಾಫ್ ರೂಮಿನಲ್ಲಿ ಯಾರಾದರೂ ಸ್ಟೀಲ್ ಡಬ್ಬಿಯ ಕ್ಲಿಪ್ಪನ್ನು ಟಪ್ಪೆಂದು ತೆಗೆದರೆ ಸಾಕು, ನಾನು ಕುರ್ಚಿ ಬಿಟ್ಟು ಏಳುತ್ತೇನೆ. ಕಿಟಕಿಯ ತನಕ ಹೋಗುತ್ತೇನೆ, ವಾಪಸ್ ಬರುತ್ತೇನೆ, ಹೋದ ತಿಂಗಳ ನೋಟಿಸನ್ನು ಇನ್ನೊಮ್ಮೆ ಓದುತ್ತೇನೆ. ಸಾಗರದಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ, ನಲವತ್ತು ದಾಟಿದ ಮನುಷ್ಯನಿಗೆ ಇದು ಶೋಭೆಯಲ್ಲ, ಗೊತ್ತು. ಕಳೆದ ವಾರ ಮತ್ತೆ ಹಾಗೇ ಆಯಿತು. ಕಾರಣ ಹೇಳಬೇಕೆಂದರೆ ನಿಮ್ಮನ್ನು ಮೂರು ವರ್ಷ ಹಿಂದಕ್ಕೆ, ಫ್ರಿಸ್ಬಿ ಆಡುವ ಮೈದಾನಕ್ಕೆ ಕರೆದುಕೊಂಡು ಹೋಗಬೇಕು.

ಈ ಆಟವನ್ನು ನಮ್ಮ ಕಡೆಗೆ ತಂದವರು ತೀರ್ಥಹಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಜನರ ಬಾಯಿ ತೆರೆಸಿ ಅಭ್ಯಾಸವಾದವರು, ನಮ್ಮ ಬಾಯಲ್ಲೂ ಹೂಂ ಅನ್ನಿಸಿಬಿಟ್ಟರು. ಸಾಗರ, ಹೊಸನಗರ, ತೀರ್ಥಹಳ್ಳಿಗೆ ಒಂದೊಂದು ತಂಡ. ಗಂಡಸರು ಹೆಂಗಸರು ಸೇರಿ ಏಳೇಳು ಜನ. ಡಿಸ್ಕ್, ಅಂದರೆ ಪ್ಲಾಸ್ಟಿಕ್ ತಟ್ಟೆ, ಹಿಡಿದವರು ಓಡುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು; ಗೋಲಿನ ಗೆರೆಯಾಚೆ ತಮ್ಮವರು ಹಿಡಿದರೆ ಗೋಲು. ಅದನ್ನು ಹಿಡಿಯಲು ಅತ್ತ ಹೋದ ಹಾಗೆ ಮಾಡಿ ಇತ್ತ ತಿರುಗಿ ಓಡುವವರಿಗೆ ಕಟರ್ ಎನ್ನುತ್ತಾರೆ. ಅವರನ್ನು ಬಿಡದೆ ಕಾಯುವುದು ನನ್ನ ಕೆಲಸ. ಮೈ ತಾಗಿಸುವಂತಿಲ್ಲ. ರೆಫರಿ ಎಂಬವರೇ ಇಲ್ಲ. ತಾಗಿಸಿಕೊಂಡವರು ಫೌಲ್ ಅನ್ನಬೇಕು, ತಾಗಿಸಿದವರು ಒಪ್ಪಬೇಕು ಅಥವಾ ಇಲ್ಲ ಅನ್ನಬೇಕು. ಈ ನಿಯಮ ನನಗೆ ಎಷ್ಟು ಹಿಡಿಸಿತ್ತೆಂದರೆ ತರಗತಿಯಲ್ಲಿ ಅದರ ಮೇಲೆ ಭಾಷಣವನ್ನೇ ಬಿಗಿದಿದ್ದೆ.

ನಾನು ಕಾಯಬೇಕಾಗಿದ್ದದ್ದು ಹೊಸನಗರ ತಂಡದ ಪದ್ಮಶ್ರೀಯವರನ್ನು. ಹುಂಚದ ಜೈನರ ಮನೆಯವರು, ಹೊಸನಗರದಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾರೆ. ಅಂಗಡಿಯಲ್ಲಿ ನಿಧಾನ, ಮೈದಾನದಲ್ಲಿ ಮಿಂಚು. ಭುಜ ಎಡಕ್ಕೆ ವಾಲಿಸಿದರೆ ನಾನು ಎಡಕ್ಕೆ ಓಡಿರುತ್ತಿದ್ದೆ, ಅವರು ಬಲದಲ್ಲಿ ಡಿಸ್ಕ್ ಹಿಡಿದು ನಿಂತಿರುತ್ತಿದ್ದರು. ನನಗೆ ಮೊದಲೇ ನಿಂತಲ್ಲಿ ನಿಲ್ಲಲಾಗದ ಸ್ವಭಾವ. ಯಾರು ಮಿಸುಕಿದರೂ ನಾನು ಮೊದಲು ಓಡುವವನು. ಡಾಕ್ಟರು ಕಲಿಸಿದ್ದು ಒಂದೇ ಪಾಠ: ಕಟರ್‌ನ ಕಣ್ಣು ನೋಡಬಾರದು, ಕೈ ನೋಡಬಾರದು, ಸೊಂಟ ನೋಡಬೇಕು, ಸೊಂಟ ತಿರುಗದೆ ಯಾರೂ ತಿರುಗಲಾರರು.

ಪಾಠ ಸರಿಯೇ. ಆದರೆ ಸ್ವಾಮಿ, ಸಾಗರದ ಮೇಷ್ಟ್ರೊಬ್ಬ ಊರವರ ಎದುರಿಗೆ, ಅರ್ಧಕ್ಕರ್ಧ ತನ್ನದೇ ವಿದ್ಯಾರ್ಥಿಗಳ ಎದುರಿಗೆ, ಪರಸ್ತ್ರೀಯ ಸೊಂಟ ನೋಡುತ್ತಾ ನಿಲ್ಲುವುದು ಹೇಗೆ? ನಾನು ಮರ್ಯಾದಸ್ಥನಾಗಿ ಅವರ ಬೂಟ್ಸ್ ನೋಡುತ್ತಿದ್ದೆ. ಬೂಟ್ಸ್ ತಿರುಗಿದ್ದು ಕಾಣುವಷ್ಟರಲ್ಲಿ ಅವರೇ ಅಲ್ಲಿರುತ್ತಿರಲಿಲ್ಲ.

"ಎಂತ ಮಾರಾಯ್ರೆ, ಚಪ್ಪಲಿ ಅಂಗಡಿಗೆ ಬಂದ ಹಾಗೆ ನಿಂತೀರಲ್ಲ" ಎಂದು ಡಾಕ್ಟರು ಗೆರೆಯಾಚೆಯಿಂದ ಹೇಳಿದರೆ ಮೈದಾನವೆಲ್ಲ ನಗು. ಸೋಮವಾರ ಕಪ್ಪುಹಲಗೆಯ ಮೇಲೆ ಬೂಟ್ಸಿನ ಚಿತ್ರ ಇರುತ್ತಿತ್ತು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು.

ಆ ಭಾನುವಾರ ಸಾಗರದಲ್ಲಿ ಆಟ. ಬಟ್ಟೆಮಲ್ಲಪ್ಪದ ಹತ್ತಿರ ಬಸ್ಸು ಪಂಕ್ಚರ್ ಆಗಿ ಹೊಸನಗರದವರು ಬಂದಿದ್ದೇ ನಾಲ್ಕು ಗಂಟೆಗೆ. ಪದ್ಮಶ್ರೀ ತಮ್ಮ ಡಬ್ಬಿಯನ್ನು ಗೋಲಿನ ಗೆರೆಯ ಪಕ್ಕ, ಚೀಲದ ಮೇಲೆ ಇಟ್ಟರು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಆಟ ಮುಗಿಸಿ ಬೆಳಕಿರುವಾಗಲೇ ತಿನ್ನುವುದು ರೂಢಿ. ಮೂರೂ ಊರಿನವರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಎರಡೂ ಕಡೆ ಸಮಸಮ. ಇನ್ನೊಂದು ಗೋಲು ಹಾಕಿದವರು ಗೆದ್ದ ಹಾಗೆ. ಬಿಸಿಲು ಮರಗಳ ತುದಿಗೆ ಏರಿತ್ತು. ಗೋಲಿನ ಗೆರೆಯ ಹತ್ತಿರ ಅವರು ಎಡಕ್ಕೆ ವಾಲಿ ಬಲಕ್ಕೆ ತಿರುಗಿದರು. ನಾನು ಎಂದಿನಂತೆ ಹಿಂದೆ ಬಿದ್ದೆ, ಕೈ ಚಾಚಿದೆ. ನನ್ನ ಕೈ ಅವರ ಮೊಣಕೈಗೆ ಬಡಿಯಿತು. ಡಿಸ್ಕ್ ಕೆಳಗೆ ಬಿತ್ತು.

"ಫೌಲ್" ಎಂದರು. "ಕೈಗೆ ತಾಗ್ತು, ಮೇಷ್ಟ್ರೇ."

ಒಪ್ಪಿದ್ದರೆ ಡಿಸ್ಕ್ ಅಲ್ಲೇ ಅವರ ಕೈಗೆ, ಇನ್ನೊಂದು ಸಣ್ಣ ಎಸೆತಕ್ಕೆ ಆಟ ಮುಗಿಯುತ್ತಿತ್ತು. ಗೆರೆಯಾಚೆ ನಮ್ಮ ಹುಡುಗರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ, ತಾಗಿಲ್ಲ" ಎಂದೆ.

ಅವರು ತಮ್ಮ ಜಾಗಕ್ಕೆ ಹೋದರು. ಇಲ್ಲ ಎಂದರೆ ಡಿಸ್ಕ್ ಎಸೆದವರ ಕೈಗೆ ವಾಪಸ್, ಅದು ನಿಯಮ. ಆಮೇಲೆ ಅದು ಆ ತುದಿಗೂ ಈ ತುದಿಗೂ ಬೀಳುತ್ತ ಏಳುತ್ತ ಓಡಾಡಿತು. ಹೊಸನಗರದಿಂದ ಬಂದಿದ್ದವರು ಸರಿಯಾಗಿ ಏಳೇ ಜನ. ಪದ್ಮಶ್ರೀ ಹೊರಗೆ ಹೋಗುವಂತಿರಲಿಲ್ಲ. ಒಮ್ಮೆ ಪಡುವಣಕ್ಕೆ ನೋಡಿದರು, ಮತ್ತೆ ನೋಡಲಿಲ್ಲ. ಹೊತ್ತು ಮುಳುಗಿದ ಮೇಲೆ ನಾವು ಗೋಲು ಹಾಕಿದೆವು.

ಆಟ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿ ಸುತ್ತ ನಿಂತು ಒಳ್ಳೆಯ ಮಾತಾಡುವ ಪದ್ಧತಿ. ಅಂದು ಪದ್ಮಶ್ರೀಯವರೊಬ್ಬರನ್ನು ಬಿಟ್ಟು ಎಲ್ಲರೂ ನನ್ನ ಕಾವಲನ್ನು ಹೊಗಳಿದರು. ಆಮೇಲೆ ಅವರು ಡಬ್ಬಿ ತಂದು ನನ್ನ ಕೈಗಿಟ್ಟರು. "ನೀವು ತಿನ್ನಿ. ನಾನಿನ್ನು ಬೆಳಿಗ್ಗೆನೇ." ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಬೇಡ ಅನ್ನಬೇಕಿತ್ತು, ನಿಜ ಹೇಳಬೇಕಿತ್ತು. ಹಸಿವಾಗಿತ್ತು, ತಿಂದೆ. ನಾಚಿಕೆಗೇಡಿನ ಮಾತೆಂದರೆ, ರುಚಿಯಾಗಿಯೂ ಇತ್ತು.

ಆ ಮಳೆಗಾಲಕ್ಕೆ ಡಾಕ್ಟರ ಮಂಡಿ ನೋವು ಶುರುವಾಗಿ ಆಟ ನಿಂತೇ ಹೋಯಿತು. ಕಳೆದ ವಾರ ಅವರದೇ ಫೋನು: ಭಾನುವಾರ ಹೊಸನಗರದಲ್ಲಿ ಮತ್ತೆ ಸೇರೋಣ ಎಂದು. ಅಂದಿನಿಂದ ಮನೆಯಲ್ಲೂ ನನ್ನ ಶತಪಥ. "ಎಂತ ಆಯ್ತು ನಿಮಗೆ? ಒಂದ್ಕಡೆ ಕೂತ್ಕಳಿ" ಎಂದಳು ಹೆಂಡತಿ. ಕೂರಲಾಗಲಿಲ್ಲ. ಶನಿವಾರ ಹೊಸನಗರದ ಬಸ್ಸು ಹತ್ತಿದೆ.

ಮೆಡಿಕಲ್ ಶಾಪಿನಲ್ಲಿ ಯಾರೂ ಇರಲಿಲ್ಲ. ಪೀಠಿಕೆಯೆಲ್ಲ ಮರೆತುಹೋಗಿ "ಅವತ್ತು ತಾಗಿತ್ತು" ಎಂದುಬಿಟ್ಟೆ.

ಯಾವತ್ತು ಎಂದು ಅವರು ಕೇಳಲಿಲ್ಲ.

"ಗೊತ್ತು. ಡಬ್ಬಿ ಕೊಟ್ಟಾಗಲಾದ್ರೂ ಹೇಳ್ತೀರಿ ಅಂದ್ಕೊಂಡೆ. ನೀವು ತಿಂದ್ಬಿಟ್ರಿ."

"ತಪ್ಪಾಯ್ತು. ನಾಳೆ..."

"ನಾಳೆ ಬನ್ನಿ, ಆಡಣ" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆದ್ರೆ ನನ್ನ ಮೇಲೆ ಬೇರೆಯವರು ನಿಲ್ಲಲಿ. ತಾಗ್ತಾ, ಇಲ್ವಾ ಅಂತ ನಿಮ್ಮನ್ನ ಕೇಳೋದು ಬೇಡ ನನಗೆ."

ಬೈದಿದ್ದರೆ ಹಗುರಾಗುತ್ತಿದ್ದೆ.

ಭಾನುವಾರ ನಾನು ಅವರ ತಂಡದ ಪೋಸ್ಟ್‌ಮ್ಯಾನ್ ಒಬ್ಬರನ್ನು ಕಾಯಲು ನಿಂತೆ. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಅವರು ಹಿಡಿಯುವಾಗ ನನ್ನ ಬೆರಳು ಅವರ ತೋಳಿಗೆ ಸೋಕಿತು. ಡಿಸ್ಕ್ ಜಾರಿತು. ಅವರು ಫೌಲ್ ಅನ್ನದೆ ಅದನ್ನು ಎತ್ತಿಕೊಡಲು ಬಗ್ಗಿದ್ದರು.

"ತಾಗಿತು" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಆಟ ನಿಂತಿತು.

ಪದ್ಮಶ್ರೀ ಮೈದಾನದ ಆ ತುದಿಯಲ್ಲಿ ಬೂಟ್ಸಿನ ದಾರ ಕಟ್ಟುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ತಲೆ ಎತ್ತಲಿಲ್ಲ.