ಕೆಳಗಿನ ಸ್ಲಾಟಿಗೆ ಹಾಕಿದ ಕಾರ್ಡು

ಸಮುದ್ರದಂಡೆಯ ಬುಕೋಮ್ ಕೇರಿಯಲ್ಲಿ ಅಯಿಕ್ವೇಯ ಎಡಗಡೆಯಿಂದ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಆ ಕಡೆಯ ಕಣ್ಣು ಕುರುಡು. ಕಾಣದ ಕಡೆಯಿಂದ ಯಾರಾದರೂ ಹೆಗಲು ಮುಟ್ಟಿದರೆ ಅವನ ಮುಷ್ಟಿ ತಾನಾಗಿಯೇ ತಿರುಗಿಬಿಡುತ್ತಿತ್ತು. ಯಾರು, ಏನು ಎಂದು ನೋಡುವುದೆಲ್ಲ ಆಮೇಲೆ. ಒಮ್ಮೆ ಹೆಂಡತಿ ದೇದೇಯ್ ಕೂಡ ಹಾಗೆ ಏಟು ತಿಂದು ತುಟಿ ಒಡೆದುಕೊಂಡಿದ್ದಳು. ಅಂದಿನಿಂದ ಅವಳು ದೂರದಿಂದಲೇ "ನಾನು ಕಣೋ ನಾನು, ಕೈ ಇಳಿಸು" ಎಂದು ಕೂಗುತ್ತಲೇ ಬರುವಳು.

ಕಣ್ಣು ಹೋದದ್ದು ಬಾಕ್ಸಿಂಗ್ ಅಖಾಡದಲ್ಲಿ. ಎದುರಾಳಿಯ ಹೆಬ್ಬೆರಳು ಗುಡ್ಡೆಗೆ ತಾಗಿ, ಕಣ್ಣೊಳಗೆ ಕರಿಯ ಪರದೆಯೊಂದು ಇಳಿದಿತ್ತು. ಅಯಿಕ್ವೇ ಅದನ್ನು ರೆಫರಿಗೆ ಹೇಳಲಿಲ್ಲ. ಬಾಯಿತುಂಬ ಬಂದ ರಕ್ತ ನುಂಗಿ, ಒಂದೇ ಕಣ್ಣಿನಲ್ಲಿ ಹುಡುಕಿ ಹುಡುಕಿ ಹೊಡೆದು, ಎದುರಾಳಿಯ ದವಡೆ ಮುರಿದು ಕೆಡವಿದ. ಗೆದ್ದವನನ್ನು ಬುಕೋಮಿನ ಜನ ಹೆಗಲ ಮೇಲೆ ಹೊತ್ತು ಸಮುದ್ರದ ದಂಡೆಯವರೆಗೆ ಮೆರೆಸಿದರು. ಮಾರನೆಯ ದಿನ ಡಾಕ್ಟರು, ಇನ್ನೊಂದು ಏಟು ತಲೆಗೆ ಬಿದ್ದರೆ ಉಳಿದ ಕಣ್ಣೂ ಹೋಗುತ್ತದೆ ಎಂದರು. ಅಲ್ಲಿಗೆ ಆ ಬದುಕು ಮುಗಿಯಿತು.

ಅವನು ಅಭ್ಯಾಸ ಮಾಡುತ್ತಿದ್ದ ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. ಅದನ್ನೇ ಬಾಡಿಗೆಗೆ ಹಿಡಿದು ವಿಡಿಯೋ ಗೇಮ್ ಆಡುವ ಹಾಲ್ ಮಾಡಿದ. ಮರಳು ತುಂಬಿದ ಚೀಲ ತೂಗುತ್ತಿದ್ದ ಕೊಕ್ಕೆಗಳಿಗೆ ಫ್ಯಾನು ಬಂದವು. ಗೋಡೆಯುದ್ದಕ್ಕೂ ಫುಟ್ಬಾಲ್ ಆಡುವ ಟೀವಿಗಳು, ಒಳಮೂಲೆಯಲ್ಲಿ ಒಂದು ದೊಡ್ಡ ಕಂಪ್ಯೂಟರು. ಬಂದೂಕಿನ ಆಟಗಳೆಲ್ಲ ಅದರಲ್ಲೇ. ಸೋತವರು ಗೆದ್ದವರ ಮೇಲೆ ಬೀಳುವುದು, ಸ್ಟೂಲು ಹಾರುವುದು, ಬಾಟಲಿ ಒಡೆಯುವುದು ಅಲ್ಲಿ ದಿನದ ಮಾತು. ಆಗೆಲ್ಲ ಅಯಿಕ್ವೇ ಎದ್ದುಬಂದು ಇಬ್ಬರ ಕೊರಳಪಟ್ಟಿಯನ್ನೂ ಹಿಡಿದು, ತಲೆಗೆ ತಲೆ ಕುಟ್ಟಿ ಬಾಗಿಲಾಚೆ ಎಸೆಯುತ್ತಿದ್ದ. ಎಸೆಯಿಸಿಕೊಂಡವರು ಮೂಗೊರೆಸಿಕೊಂಡು ಮರುದಿನ ಮತ್ತೆ ಬರುತ್ತಿದ್ದರು. ಬುಕೋಮಿನಲ್ಲಿ ಅಂಥ ಆಟದ ಹಾಲ್ ಇನ್ನೊಂದಿರಲಿಲ್ಲ.

ಒಂದು ವರ್ಷ ಹತ್ತಿರದ ಓಸು ಕೇರಿಯ ಆಟದ ಹಾಲ್‌ನವರು ಪಂದ್ಯಕ್ಕೆ ಕರೆ ಕೊಟ್ಟರು. ಬುಕೋಮಿನ ಪರವಾಗಿ ಆಡುವವನು ಲಾರ್ಟೆ. ದಿನವೆಲ್ಲ ದೋಣಿಯ ಬಲೆ ಎಳೆದು, ಉಳಿದ ಹೊತ್ತು ಅಯಿಕ್ವೇಯ ಮೂಲೆಯಲ್ಲಿ ಕೂರುವ ಮೀನುಗಾರ. "ಮೆಷಿನ್ ಹಳೇದಾಯ್ತು ಚಾಲೇ, ಗೆಳೆಯಾ," ಎಂದು ಅವನು ಗೊಣಗಿದ. "ಓಸುನವ್ರು ನಗ್ತಾರೆ. ಗ್ರಾಫಿಕ್ಸ್ ಕಾರ್ಡ್ ಆದ್ರೂ ಬದಲಾಯಿಸು."

ಸರ್ಕಲ್ ಬಜಾರಿನಲ್ಲಿ ಹಳೆಯ ಕಾರ್ಡು ಕೊಟ್ಟು ಹೊಸದು ತರಬಹುದಾದ ಅಂಗಡಿ ಸೋವಾನದು. ಸೋವಾ ಟೆಶಿ ಎಂಬ ಮೀನುಗಾರರ ಊರಿನವನು, ಸಣಕಲ, ಬಾಯಿ ಮುಚ್ಚದ ಮನುಷ್ಯ. ತಾನು ಮಾರಿದ ಒಂದೊಂದು ವಸ್ತುವನ್ನೂ ಮಗಳ ಮದುವೆ ಮಾಡಿಕೊಡುವವನಂತೆ ಹೊಗಳಿ ಕಳಿಸುವನು. "ಇದನ್ನ ಹಾಕ್ಕೊಂಡ್ ನೋಡು, ನಿನ್ನ ಒಂದ್ ಕಣ್ಣಿಗೂ ಎರಡು ಕಣ್ಣಿನ ಸುಖ," ಎಂದ. ಬೇರೆ ಯಾರಾದರೂ ಅಂದಿದ್ದರೆ ಹಲ್ಲುದುರುತ್ತಿತ್ತು. ಸೋವಾ ಅಂದದ್ದಕ್ಕೆ ಅಯಿಕ್ವೇಗೆ ನಗು ಬಂತು.

ಕಾರ್ಡು ಉದ್ದವಿತ್ತು. ಶೆಡ್ಡಿಗೆ ತಂದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಕಾರ್ಡು ಕೂರುವ ಮೇಲಿನ ಸ್ಲಾಟಿಗೆ ಒತ್ತಿದರೆ ಬಾಲ ಹೋಗಿ ಡಿಸ್ಕಿನ ಗೂಡಿಗೆ ತಗುಲಿತು. ಕೆಳಗೆ ಅಷ್ಟೇ ಉದ್ದದ ಇನ್ನೊಂದು ಸ್ಲಾಟು ಖಾಲಿಯಿತ್ತು. ಅಯಿಕ್ವೇ ಅಲ್ಲಿಗೆ ಒತ್ತಿದ. ಕಟಕ್ ಎಂದು ಕೂತಿತು. ಫ್ಯಾನು ತಿರುಗಿತು, ಚಿತ್ರ ಬಂತು.

ಆಟ ಮಾತ್ರ ಓಡಲಿಲ್ಲ. ಹಳೆಯ ಕಾರ್ಡಿನಲ್ಲಿ ಸಲೀಸಾಗಿ ಸಾಗುತ್ತಿದ್ದ ಬೀದಿ ಈಗ ತಡವರಿಸಿ ತಡವರಿಸಿ ಸಾಗಿತು. ಹೊಸ ಮೂಲೆ ತಿರುಗಿದಾಗಲೆಲ್ಲ ಚಿತ್ರ ಗಕ್ಕನೆ ನಿಂತು, ಆಮೇಲೆ ಎಲ್ಲ ಒಟ್ಟಿಗೆ ನುಗ್ಗಿಬರುತ್ತಿತ್ತು. ಅಯಿಕ್ವೇ ಸೋವಾಗೆ ಫೋನು ಮಾಡಿದ.

"ಹಳೇ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಪೂರ್ತಿ ತೆಗೆದ್ಯಾ? ಬೇರು ಸಮೇತ ತೆಗೀಬೇಕು, ಆಮೇಲೆ ಹೊಸದು ಹಾಕು," ಎಂದ ಸೋವಾ.

ತೆಗೆದ, ಹಾಕಿದ. ಅದೇ ತಡವರಿಕೆ. ಮತ್ತೆ ಫೋನು.

"ಬಿಸಿ ಎಷ್ಟಿದೆ ನೋಡು. ಕರೆಂಟಿನ ವೈರು ಎರಡೂ ಸಿಕ್ಕಿಸಿದ್ಯಾ?"

ಬಿಸಿ ಹೆಚ್ಚಿರಲಿಲ್ಲ. ವೈರು ಸರಿಯಿತ್ತು. ಪ್ರೊಸೆಸರು ಅರ್ಧದಷ್ಟೂ ದುಡಿಯುತ್ತಿರಲಿಲ್ಲ, ಮೆಮೊರಿ ಖಾಲಿಯಿತ್ತು. ಅಯಿಕ್ವೇಯ ಮೂಗಿನ ಹೊಳ್ಳೆ ಅರಳತೊಡಗಿತು.

"ಒಂದ್ ನಿಮಿಷ," ಎಂದ ಸೋವಾ. "ಯಾವ ಸ್ಲಾಟಿಗೆ ಹಾಕಿದೀಯ?"

"ಸ್ಲಾಟಿಗೇ ಹಾಕಿದೀನಿ, ಇನ್ನೆಲ್ಲಿ ಹಾಕ್ಲಿ, ನಿಮ್ಮಜ್ಜಿ ಬಾಯಿಗಾ? ಸತ್ತ ಕಾರ್ಡ್ ಕೊಟ್ಟು ಪ್ರಶ್ನೆ ಬೇರೆ ಕೇಳ್ತೀಯಲ್ಲೋ!" ಎಂದು ಫೋನು ಕುಕ್ಕಿದ.

ಶನಿವಾರ ಓಸುವಿನವರು ಬಂದರು. ಶೆಡ್ಡಿನಲ್ಲಿ ಉಸಿರಾಡಲು ಜಾಗವಿಲ್ಲ, ಕಿಟಕಿಗಳಲ್ಲೂ ತಲೆಗಳು. ಲಾರ್ಟೆ ಆಟಕ್ಕೆ ಕುಳಿತ. ಬಂದೂಕು ಎತ್ತಿ ಮೂಲೆ ತಿರುಗಿದ. ಚಿತ್ರ ನಿಂತಿತು. ಮತ್ತೆ ಚಲಿಸುವಷ್ಟರಲ್ಲಿ ಅವನ ಸೈನಿಕ ನೆಲದಲ್ಲಿ ಬಿದ್ದಿದ್ದ. ಮತ್ತೆ ಎದ್ದ, ಮತ್ತೆ ತಿರುಗಿದ, ಮತ್ತೆ ಸತ್ತ. ಓಸುವಿನ ಕಡೆಯಿಂದ ನಗು ಎದ್ದಿತು.

"ಇದು ಆಟಾನಾ, ಸತ್ತೋರ್ ಮನೇಲಿ ಗೋಡೆಗೆ ಹಾಕೋ ಫೋಟೋನಾ?" ಎಂದು ಒಬ್ಬ ಕೂಗಿದ. "ಚೆನ್ನಾಗಿ ಕಾಣ್ತಿಲ್ಲ ಅಂದ್ರೆ ಯಜಮಾನ್ರನ್ನೇ ಕೇಳಿ, ಅವರಿಗೂ ಅರ್ಧಾನೇ ಕಾಣೋದು!"

ಅವನ ನಗು ಮುಗಿಯುವ ಮೊದಲೇ ಅಯಿಕ್ವೇಯ ಬಲಗೈ ಅವನ ಮೂಗನ್ನು ಕೆನ್ನೆಗೆ ಅಂಟಿಸಿತು. ಆಮೇಲೆ ಶೆಡ್ಡು ಪೂರ್ತಿ ಒಬ್ಬರ ಮೇಲೊಬ್ಬರು ಬಿದ್ದರು. ಲಾರ್ಟೆಯ ಕಿವಿ ಹರಿಯಿತು. ಯಾರದೋ ಹಲ್ಲು ಕೀಬೋರ್ಡಿನ ಮೇಲೆ ಬಿತ್ತು. ದೇದೇಯ್ ಫೂಫೂ ಮುದ್ದೆ ಕುಟ್ಟುವ ಒನಕೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, ಓಡಿಬಂದವರ ಬೆನ್ನಿಗೆಲ್ಲ ಒಂದೊಂದು ಬಿಡುತ್ತಿದ್ದಳು.

ಅಯಿಕ್ವೇ ಅಲ್ಲಿರಲಿಲ್ಲ. ಮೈಮೇಲೆ ಬಂದವನಂತೆ ಬೀದಿಗೆ ಇಳಿದು, ಸಿಕ್ಕಿದ ಟ್ರೋಟ್ರೋ ವ್ಯಾನು ಹತ್ತಿ ಸರ್ಕಲ್ ಬಜಾರಿಗೆ ಹೋಗಿದ್ದ. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಸೋವಾನ ಮುಖ ಒಂದೇ. ಅರ್ಧ ಕಣ್ಣಿನವನಿಗೆ ಏನು ಕೊಟ್ಟರೂ ನಡೆಯುತ್ತದೆ ಎಂದುಕೊಂಡು ಸೋವಾ ಮೋಸ ಮಾಡಿದ.

ಸೋವಾ ಅಂಗಡಿಯ ಕಬ್ಬಿಣದ ಬಾಗಿಲಿಗೆ ಒರಗಿ ಊಟ ಮಾಡುತ್ತಿದ್ದ. ಬೆರಳಲ್ಲಿ ಮೆಕ್ಕೆಜೋಳದ ಕೆಂಕೆ ಮುದ್ದೆ, ಪಕ್ಕದಲ್ಲಿ ಹುರಿದ ಮೀನು. "ಬಂದ್ಯಾ ಚಾಲೇ, ಕಾರ್ಡ್ ತಂದ್ಯಾ, ನೋಡೋಣ..." ಎಂದು ಏಳಹೋದ. ಮೊದಲ ಏಟು ಹೊಟ್ಟೆಗೆ ಬಿತ್ತು. ತಿಂದದ್ದೆಲ್ಲ ಹೊರಗೆ ಬಂತು. ಎರಡನೆಯದು ಪಕ್ಕೆಗೆ. ಸೋವಾ ಮುಖ ಮುಚ್ಚಿಕೊಳ್ಳಲು ಬಲಗೈ ಎತ್ತಿದ. ಅಯಿಕ್ವೇ ಆ ಕೈಯ ಮೇಲೆಯೇ ಹೊಡೆದ. ಕೈಯ ಹಿಂದೆ ಕಬ್ಬಿಣದ ಬಾಗಿಲಿತ್ತು. ಮೂಳೆ ಮುರಿದ ಸದ್ದನ್ನು ಅವನು ಎಷ್ಟೋ ಸಲ ಕೇಳಿದ್ದ, ಗುರುತು ಹತ್ತಿತು. ಆದರೂ ಇನ್ನೊಮ್ಮೆ ಹೊಡೆದ.

"ಯಾಕೋ? ಯಾಕೋ ಹೊಡೀತೀಯ?" ಎಂದು ಸೋವಾ ಅರಚುತ್ತಿದ್ದ.

ಬಜಾರು ಮುತ್ತಿಕೊಂಡಿತು. ಯಾರೋ "ಕಳ್ಳ!" ಎಂದು ಕೂಗಿದರು. ಆ ಒಂದು ಮಾತು ಸಾಕಿತ್ತು. ಯಾರು ಕಳ್ಳ, ಏನು ಕದ್ದ ಎಂದು ಒಬ್ಬರೂ ಕೇಳಲಿಲ್ಲ. ವೈರಿನ ಸುರುಳಿಗಳಿಂದ, ಸ್ಟೂಲಿನಿಂದ, ಚಪ್ಪಲಿಯಿಂದ, ಸಿಮೆಂಟಿನ ಇಟ್ಟಿಗೆಯಿಂದ ಬಾರಿಸಿದರು. ಅಯಿಕ್ವೇ ನಿಂತೇ ಕಾದಾಡಿದ, ಮಂಡಿಯೂರಿ ಕಾದಾಡಿದ, ಕೊನೆಗೆ ಉಳಿದ ಒಂದು ಕಣ್ಣನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಚರಂಡಿಯ ಪಕ್ಕ ಮುದುಡಿ ಬಿದ್ದ. ಅವನ ಕೊರಳಿಗೆ ಹಾಕಿ ಸುಡಲು ಒಬ್ಬ ಟೈರು ಉರುಳಿಸಿಕೊಂಡು ಬರುತ್ತಿದ್ದ. ಆಗ ರಕ್ತ ಸುರಿಯುವ ಕೈಯನ್ನು ಎದೆಗವಚಿಕೊಂಡ ಸೋವಾನೇ ನಡುವೆ ನುಗ್ಗಿದ.

"ಬಿಡ್ರೋ! ಕಳ್ಳ ಅಲ್ಲ ಅವನು, ನನ್ನ ಗಿರಾಕಿ! ನಂದೂ ಅವನದೂ ಜಗಳ, ನಿಮಗೇನ್ರೋ?"

ಅಯಿಕ್ವೇಯನ್ನು ಎತ್ತಿ ಒಂದು ಟ್ಯಾಕ್ಸಿಯಲ್ಲಿ ತುರುಕಿದರು.

ಮರುದಿನ ಬೆಳಗ್ಗೆ ಅವನ ಮುಖ ನೆನೆದ ಹಿಟ್ಟಿನ ಮುದ್ದೆಯಂತೆ ಊದಿತ್ತು. ದೇದೇಯ್ ಬಿಸಿನೀರಿನ ಬಟ್ಟೆ ಒತ್ತಿದಳು. ಕೊನೆಗೆ ಬಟ್ಟೆ ಹಿಂಡಿ ಎದ್ದಳು.

"ಅವನ ಕೈ ಮುರ್ದೆ. ಈಗ ಆಟ ಜೋರಾಗಿ ಓಡ್ತಿದ್ಯಾ?"

ಅಯಿಕ್ವೇ ಸ್ಕ್ರೂ ಬಿಚ್ಚುವ ಸಲಕರಣೆ ತೆಗೆದುಕೊಂಡು ಒಡೆದ ಗಾಜು ದಾಟಿ ಒಳಮೂಲೆಗೆ ಹೋದ. ಕಾರ್ಡು ಕಿತ್ತು, ಟೆಶಿಗೆ ಹೋಗಿ ಸೋವಾನ ಮುಖಕ್ಕೆ ಎಸೆದುಬರುವುದು ಅವನ ಲೆಕ್ಕ. ಪೆಟ್ಟಿಗೆ ಬಿಚ್ಚಿ ಕಾರ್ಡು ಎಳೆದ. ತಡಕಾಡುತ್ತಿದ್ದ ಬೆರಳ ತುದಿ ಖಾಲಿ ಸ್ಲಾಟಿನ ಸೀಳಿನಲ್ಲಿ ಜಾರಿತು. ಸೀಳಿನ ಮೊದಲ ತುದಿಯಲ್ಲಿ ಲೋಹದ ಹಲ್ಲುಗಳು ಚುಚ್ಚಿದವು. ಆಮೇಲೆ ಬೆರಳಿಗೆ ಏನೂ ಸಿಗಲಿಲ್ಲ. ನುಣ್ಣನೆಯ ಪ್ಲಾಸ್ಟಿಕ್ಕು. ಅವನು ಟಾರ್ಚು ಹಾಕಿ ಬಗ್ಗಿ ನೋಡಿದ. ಕೆಳಗಿನ ಸ್ಲಾಟು ಮೇಲಿನಷ್ಟೇ ಉದ್ದವಿತ್ತು. ಆದರೆ ಹಲ್ಲಿದ್ದದ್ದು ಕಾಲು ಭಾಗಕ್ಕೆ ಮಾತ್ರ. ಮಿಕ್ಕದ್ದು ಬರಿಯ ಬಾಯಿ. ಮೇಲಿನದರಲ್ಲಿ ಹಲ್ಲು ಈ ತುದಿಯಿಂದ ಆ ತುದಿಯವರೆಗೂ ಇತ್ತು. ಇಡೀ ಊರಿನ ಜನ ಒಂದು ಓಣಿಯಲ್ಲಿ ನುಸುಳಬೇಕಾದರೆ ಏನಾಗುತ್ತದೋ ಕಾರ್ಡಿಗೆ ಬರಬೇಕಾದ ಮಾಹಿತಿಗೆ ಅದೇ ಆಗಿತ್ತು.

ಯಾವ ಸ್ಲಾಟಿಗೆ ಹಾಕಿದೀಯ ಎಂದು ಸೋವಾ ಕೇಳಿದ್ದ.

ಅಯಿಕ್ವೇ ಡಿಸ್ಕಿನ ಗೂಡನ್ನು ಬಿಚ್ಚಿ ತೆಗೆದು, ಡಿಸ್ಕನ್ನು ಪೆಟ್ಟಿಗೆಯ ತಳಕ್ಕೆ ಟೇಪಿನಿಂದ ಕಟ್ಟಿದ. ಕಾರ್ಡನ್ನು ಮೇಲಿನ ಸ್ಲಾಟಿಗೆ ಒತ್ತಿದ. ಆಟ ಹಚ್ಚಿದ. ಬೀದಿ ಎಣ್ಣೆಯಂತೆ ಜಾರಿತು. ಮೂಲೆ ತಿರುಗಿದ, ನಿಲ್ಲಲಿಲ್ಲ. ಹೊಗೆ ಎದ್ದಿತು, ಮಳೆ ಸುರಿಯಿತು, ಗುಂಡು ಹಾರಿದವು, ಎಲ್ಲೂ ಒಂದು ತೊಡಕಿಲ್ಲ. ಅದು ನಯವಾಗಿ ಓಡುತ್ತಲೇ ಇತ್ತು. ಕೊನೆಗೆ ಅದನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡ.

ಅವನು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಸೋವಾನ ಅಕ್ಕ ಕೊರ್ಕೋಯ್ ಬಂದಿದ್ದಳು. ಟೆಶಿಯ ದಂಡೆಯಲ್ಲಿ ಮೀನು ಹೊಗೆ ಹಾಕುವ ಹೆಂಗಸರಿಗೆಲ್ಲ ಯಜಮಾನಿ, ತೋಳು ಹಗ್ಗದಂತೆ ಹುರಿಗೊಂಡಿದ್ದವು. ಕೈಯಲ್ಲಿ ದೋಣಿಯ ಹುಟ್ಟು. ಹಿಂದೆ ಅವಳ ಕಡೆಯವರು ಬೀದಿ ತುಂಬ.

"ಎಲ್ಲೋ ಆ ಒಕ್ಕಣ್ಣ? ನನ್ನ ತಮ್ಮನ ಕೈಗೆ ಪ್ಲಾಸ್ಟರ್ ಹಾಕವ್ರೆ. ಇನ್ ಸ್ಕ್ರೂ ಹಿಡಿಯೋಕಾಗಲ್ಲ ಅಂದ್ರು ಡಾಕ್ಟ್ರು. ಹೊರಗ್ ಬಾರೋ ಶೂರ!"

ಅಯಿಕ್ವೇ ಹೊರಗೆ ಬಂದ. "ಅಕ್ಕಾ, ಕಾರ್ಡ್ ಸರಿಯಾಗೇ ಇತ್ತು. ನಾನೇ ತಪ್ಪು ಜಾಗಕ್ಕೆ ಹಾಕಿದ್ದೆ. ಈಗ ತಾನೆ ಗೊತ್ತಾಯ್ತು."

ಸುಳ್ಳು ಹೇಳಿದ್ದರೆ ಅವಳು ಜಗಳವಾಡಿ ಸುಮ್ಮನಾಗುತ್ತಿದ್ದಳೇನೋ. ನಿಜ ಕೇಳಿ ಅವಳ ಕಣ್ಣು ಕೆಂಡವಾದವು. "ಜಾಗ ತಪ್ತಾ? ಜಾಗ ತಪ್ಪಿದ್ದಕ್ಕೆ ನನ್ನ ತಮ್ಮನ ಕೈ ಮುರಿದ್ಯಾ?" ಹುಟ್ಟು ಅವನ ಹೆಗಲಿಗೆ ಬಿತ್ತು, ಮತ್ತೆ ಬೆನ್ನಿಗೆ. ಅವನು ಕೈ ಎತ್ತಲಿಲ್ಲ. ಅವಳು ಅವನನ್ನು ದಾಟಿ ಒಳಗೆ ನುಗ್ಗಿದಳು. ಟೀವಿಗಳು ಒಂದೊಂದಾಗಿ ಒಡೆದವು. ಕೊನೆಗೆ ಒಳಮೂಲೆಗೆ ಹೋಗಿ, ಸಲೀಸಾಗಿ ಓಡುತ್ತಿದ್ದ ಆ ದೊಡ್ಡ ಮೆಷಿನ್ನಿನ ತೆರೆದ ಹೊಟ್ಟೆಗೆ ಹುಟ್ಟಿನ ತುದಿಯಿಂದ ತಿವಿದಳು. ಕಿಡಿ ಹಾರಿತು. ದೇದೇಯ್ ಒನಕೆ ಎತ್ತಿಕೊಂಡು ಓಡಿಬಂದಳು. ಅಯಿಕ್ವೇ ಅವಳ ರಟ್ಟೆ ಹಿಡಿದ.

"ಬಿಡು ದೇದೇಯ್. ಒಡೀಲಿ."

"ನಮ್ಮ ಅನ್ನ ಕಣೋ ಅದು!"

"ಒಡೀಲಿ ಅಂದೆ."

ಊತ ಇಳಿದ ಮೇಲೆ ಅಯಿಕ್ವೇ ಟೆಶಿಗೆ ಹೋದ. ಆಸ್ಪತ್ರೆಯ ಖರ್ಚನ್ನು ಆಗಲೇ ಲಾರ್ಟೆಯ ಕೈಯಲ್ಲಿ ಕಳಿಸಿದ್ದ. ಸೋವಾ ಅದನ್ನು ಇಟ್ಟುಕೊಂಡಿದ್ದ, ಮಾತು ಕಳಿಸಿರಲಿಲ್ಲ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಬಿಳಿಯ ಕಟ್ಟಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕುಳಿತಿದ್ದ.

"ಕ್ಷಮಿಸು ಅನ್ನೋಕೆ ಬಂದ್ಯಾ?" ಎಂದ. "ಅದು ಬೇಡ ನಂಗೆ. ಅಲ್ಲಿ ನಿಂತ್ಕೋ. ನಾನೂ ಹೊಡೀಬೇಕು."

ಅಯಿಕ್ವೇ ನಿಂತ. ಸೋವಾ ಎದ್ದು ಎಡಗೈಯಲ್ಲಿ ಮುಖಕ್ಕೆ ಬೀಸಿದ. ಅಯಿಕ್ವೇಯ ತಲೆ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಏಟು ಗಾಳಿಗೆ ಬಿದ್ದು ಸೋವಾ ಮುಗ್ಗರಿಸಿ ಮರಕ್ಕೆ ಒರಗಿದ.

"ಥೂ ನಿನ್ನ! ನೆಟ್ಟಗೆ ನಿಂತ್ಕೊಳ್ಳೋ!"

"ಬೇಕು ಅಂತ ಮಾಡಿಲ್ಲ ಚಾಲೇ. ಮೈ ಕೇಳಲ್ಲ. ಇನ್ನೊಂದ್ಸಲ ಹೊಡಿ."

ಎರಡನೆಯ ಸಲವೂ ತಲೆ ಸರಿಯಿತು. ಸೋವಾನ ಕಣ್ಣಲ್ಲಿ ಸಿಟ್ಟಿಗೆ ನೀರು ತುಂಬಿತು. ಅಯಿಕ್ವೇ ಮರಕ್ಕೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಹಿಂದೆ ಬಳಸಿ ಕಾಂಡ ಹಿಡಿದುಕೊಂಡ. ಕಾಣುವ ಕಣ್ಣನ್ನೂ ಮುಚ್ಚಿದ. ಏಟು ಬಾಯಿಗೆ ಬಿತ್ತು. ಬಲವಿಲ್ಲದ, ಅಭ್ಯಾಸವಿಲ್ಲದ ಏಟು. ತುಟಿಯ ಹಳೆಯ ಗಾಯ ಒಡೆದು ಗಲ್ಲಕ್ಕೆ ರಕ್ತ ಇಳಿಯಿತು. ಇನ್ನೊಂದು ಬಿತ್ತು, ಮತ್ತೊಂದು. ಆಮೇಲೆ ಏದುಸಿರು ಬಿಡುವ ಸದ್ದು ಮಾತ್ರ ಕೇಳಿತು. ಅಯಿಕ್ವೇ ಕಣ್ಣು ತೆರೆದ. ಸೋವಾ ಕೆಂಪಾದ ಎಡಗೈ ಒದರುತ್ತ ನೆಲದಲ್ಲಿ ಕುಳಿತಿದ್ದ.

"ನೋಯುತ್ತಲ್ಲೋ ಇದು," ಎಂದ. "ದಿನಾ ಹೇಗೋ ಮಾಡ್ತಿದ್ರಿ ನೀವು ಬಾಕ್ಸಿಂಗ್‌ನೋರು?"

ಅಯಿಕ್ವೇ ಅವನ ಪಕ್ಕದಲ್ಲೇ ಕೂತ.

"ಜನರನ್ನ ಯಾಕೆ ತಡೆದೆ ಅವತ್ತು?" ಎಂದು ಅಯಿಕ್ವೇ ಕೇಳಿದ.

"ನೀನ್ ಸತ್ರೆ ಯಾವ ಸ್ಲಾಟಿಗೆ ಹಾಕಿದ್ದೆ ಅಂತ ಯಾರ್ ಹೇಳೋರು?" ಎಂದ ಸೋವಾ. ಕೈಯ ಕಟ್ಟು ಸರಿಮಾಡಿಕೊಳ್ಳುತ್ತ, "ಕೆಳಗಿಂದಕ್ಕೆ ತಾನೆ?"

"ಕೆಳಗಿಂದಕ್ಕೆ."

"ಹಾಳಾಗ್ ಹೋಗು," ಎಂದು ಸೋವಾ ಮುಖ ತಿರುಗಿಸಿದ.

ಸೋವಾನ ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ರಿಪೇರಿ ಕೆಲಸ ಬಿಟ್ಟು ಈಗ ಅವನು ಬರಿಯ ಮಾರಾಟ ಮಾಡುತ್ತಾನೆ, ಬಾಯಿಯಂತೂ ಸೋತಿಲ್ಲ. ಅಯಿಕ್ವೇ ಒಂದು ವರ್ಷ ಲಾರ್ಟೆಯ ಜೊತೆ ಬಲೆ ಎಳೆದ, ಆಮೇಲೆ ಎರಡು ಟೀವಿ ಇಟ್ಟುಕೊಂಡು ಶೆಡ್ಡಿನ ಬಾಗಿಲು ಮತ್ತೆ ತೆಗೆದ. ಅಲ್ಲಿ ಈಗಲೂ ಜಗಳ ಏಳುತ್ತವೆ. ಅವನು ಎದ್ದುಬರುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ, ಬಾಗಿಲಾಚೆ ನಿಲ್ಲಿಸುತ್ತಾನೆ. ಒಂದೆರಡು ಸಲ ಕೈ ಜಾರಿ ಏಟು ಬಿದ್ದದ್ದೂ ಉಂಟು. ಸೋವಾ ಯಾವಾಗಲಾದರೂ ಬಂದು ಕೂತಾಗ, ಯಾರು ಇವರು ಎಂದು ಹೊಸಬರು ಕೇಳಿದರೆ ಅಯಿಕ್ವೇ ದನಿ ತಗ್ಗಿಸದೆ ಹೇಳುತ್ತಾನೆ: "ನಂಗೆ ಒಳ್ಳೇ ಕಾರ್ಡ್ ಮಾರಿದ್ದ. ನಾನು ಇವನ ಕೈ ಮುರಿದೆ."

ಕೊರ್ಕೋಯ್ ಮಾತ್ರ ಇಂದಿಗೂ ಅವನಿಗೆ ಮೀನು ಮಾರುವುದಿಲ್ಲ. ಟೆಶಿಯ ಹೊಗೆಮೀನು ಬೇಕಾದರೆ ದೇದೇಯ್ ಹೋಗಿ ತರಬೇಕು.