ಅತ್ತೆ ಉಣ್ಣದ ಎರಡು ದಿನ

ಹಿತ್ತಲ ಕಟ್ಟೆಯ ಮೇಲೆ ಕುಳಿತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರ ಕುಟ್ಟಿಸುವ ಕಾಲ. ಆಗಲೇ ಜಮಖಂಡಿಯಿಂದ ಫೋನ್ ಬಂತು. ನಮ್ಮ ಅತ್ತೆ ಇರುವ ವೃದ್ಧಾಶ್ರಮದಲ್ಲಿ ಮರೆವಿನವರ ಕೋಣೆಯನ್ನು ನೋಡಿಕೊಳ್ಳುವ ಹೆಣ್ಣುಮಗಳು ಮಾತಾಡಿದಳು.

"ಅಕ್ಕಾರ, ಆಯಿ ಮೊನ್ನೆ ಸಂಜಿಂದ ಬಾಯಿಗೆ ಏನೂ ಹಾಕ್ಕೋವಲ್ಲರು. ಡಾಕ್ಟರು ನೋಡಿ ಹೋದ್ರು. ಜ್ವರಾ ಇಲ್ಲ, ಹೊಟ್ಟಿನೋವಿಲ್ಲ. ಇವತ್ತೂ ಉಣ್ಣಲಿಲ್ಲಂದ್ರ ಮೂಗಿನಾಗ ನಳಿ ಹಾಕಬೇಕಾಗ್ತೈತಂತ. ಒಮ್ಮೆ ಬಂದ್ ಹೋಗ್ರಿ."

ಕೈತುಂಬ ಖಾರ. ಅಳು ಬಂದರೂ ಕಣ್ಣು ಒರೆಸಿಕೊಳ್ಳುವ ಹಾಗಿರಲಿಲ್ಲ.

ನಮ್ಮದು ಬನಹಟ್ಟಿಯ ನೇಕಾರ ಮನೆ. ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗ, ಹಿಂದಿನ ಎರಡು ಕೋಣೆಯಲ್ಲಿ ನಾವು. ಅತ್ತೆ ತಮ್ಮ ಆಯುಷ್ಯವನ್ನೆಲ್ಲ ಮಗ್ಗದ ಪಕ್ಕದಲ್ಲಿ ಕಳೆದವರು. ಮರೆವು ಬಂದ ಮೇಲೂ ಎಳೆ ಹರಿದದ್ದು ಕಂಡರೆ ಸುಮ್ಮನಿರುತ್ತಿರಲಿಲ್ಲ, ಎದ್ದು ಕೈಹಾಕುತ್ತಿದ್ದರು. ಒಂದು ಮುಂಜಾನೆ ಓಡುವ ಮಗ್ಗಕ್ಕೆ ಅವರ ಸೆರಗು ಸಿಕ್ಕಿತು. ನಮ್ಮ ಮನೆಯವರು ಹಾರಿ ಬಂದು ಬಟನ್ ಒತ್ತಿದರು. ಸೀರೆ ಹರಿಯಿತು, ಭುಜ ತರಚಿತು, ಜೀವ ಉಳಿಯಿತು. ಅದೊಂದು ಶಿವನ ದಯೆ. ಮಗ್ಗ ನಿಲ್ಲಿಸಿದರೆ ಒಲೆ ಹೊತ್ತುವುದಿಲ್ಲ, ಅತ್ತೆಯನ್ನು ಕಟ್ಟಿ ಕೂರಿಸಲು ಮನಸ್ಸು ಬರುವುದಿಲ್ಲ. ಹೀಗೆ ಅವರು ಜಮಖಂಡಿಗೆ ಹೋದರು.

ಫೋನಿನ ಸುದ್ದಿ ಹೇಳಿದಾಗ ನಮ್ಮ ಮನೆಯವರು ಮಗ್ಗದ ಸದ್ದಿನ ನಡುವೆಯೇ ಕೂಗಿದರು, "ಕರಕೊಂಡ ಬಂದ್ಬಿಡು ಅತ್ತಾಗ. ನಮ್ಮವ್ವ ನಮ್ಮನ್ಯಾಗ ಇರ್ಲಿ."

"ಕರಕೊಂಡ ಬರ್ತೀನಿ. ಮಗ್ಗಾ ಬಂದ್ ಮಾಡ್ತೀರೇನು?"

ಅವರು ಬಟ್ಟೆಯ ಕಡೆ ಮುಖ ತಿರುಗಿಸಿದರು. ನಾನೂ ಆ ಮಾತು ಅನ್ನಬಾರದಿತ್ತೇನೋ, ಆದರೆ ಬೇರೆ ಏನು ಅನ್ನಬೇಕಿತ್ತು?

ದಾರಿಯಲ್ಲಿ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳಿತು. ಕಿಟಕಿಯ ಪಕ್ಕ ಕುಳಿತು ಪಂಚಾಕ್ಷರಿ ಜಪಿಸಿದೆ. ಮೂಗಿಗೆ ನಳಿಯೊಂದು ಬೇಡ ತಂದೆ ಎಂಬುದಷ್ಟೇ ನನ್ನ ಬೇಡಿಕೆ.

ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಮುಂದೆ ತಾಟು ಹಾಗೇ ಇತ್ತು, ಅನ್ನ ಆರಿ ಗಟ್ಟಿಯಾಗಿತ್ತು. ಪಕ್ಕದ ಮಂಚದ ಮುದುಕಿ ನನ್ನನ್ನು ಕಂಡವಳೇ ದೂರು ಹೇಳಿದಳು, "ಬಾರವ್ವಾ ತಂಗಿ. ಈಕಿ ಮದಲಗಿತ್ತಿ ಹಂಗ ಮುನಿಸ್ಕೊಂಡು ಕುಂತಾಳ. ಆಕಿ ತಾಟ ನನಗರ ಕೊಡ್ರಿ ಅಂದ್ರ ಅದನ್ನೂ ಕೊಡವಲ್ಲರು!"

ನಗು ಬಂತು. ಅತ್ತೆ ನಗಲಿಲ್ಲ. ಅವರ ಬಲಗೈ ಎದೆಯ ಮೇಲೆ ಏನನ್ನೋ ತಡವುತ್ತಿತ್ತು. ಕುಪ್ಪಸದ ಒಳಗೆ ಹೋಗುತ್ತಿತ್ತು, ಬರಿಗೈಯಾಗಿ ಹೊರಗೆ ಬರುತ್ತಿತ್ತು, ಮತ್ತೆ ಒಳಗೆ.

"ಹಂಗ ಕೆರಕೋತಾರ್ರಿ. ಮುಲಾಮು ಹಚ್ಚೇವಿ" ಎಂದಳು ಆ ಹೆಣ್ಣುಮಗಳು.

ಆಗ ಅವರ ಕೊರಳು ನೋಡಿದೆ. ಬರಿದಾಗಿತ್ತು.

"ಕೊರಳಾಗಿನ ಲಿಂಗ ಎಲ್ಲೈತವ್ವಾ?"

"ಕಪಾಟಿನಾಗ ಜ್ವಾಪಾನ ಇಟ್ಟೇನ್ರಿ. ಮೊನ್ನೆ ಮಧ್ಯಾಹ್ನ ಮಲಗಿದಾಗ ಆ ದಾರಾ ಕೊರಳಿಗೆ ಸುತ್ಕೊಂಡು ಬಿಗದಿತ್ತು. ಅಂಜಿ ತಗದ್ನಿ."

"ಲಿಂಗ ಮೈಮ್ಯಾಲಿಲ್ಲಂದ್ರ ಅವರು ನೀರೂ ಮುಟ್ಟೂದಿಲ್ಲ."

ಅವಳ ಮುಖ ಇಳಿಯಿತು. ತೇರದಾಳ ಕಡೆಯ ಜೈನರ ಮಗಳು ಅವಳು. "ಹೆತ್ತ ಮಗನ್ನ ಮರತಾರಲ್ರಿ ಅಕ್ಕಾರ, ಇದೊಂದು ನೆನಪಿರ್ತೈತಿ ಅಂತ ನನಗ ಹೊಳೀಲಿಲ್ಲ. ನಾವೂ ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ. ನನಗರ ತಿಳೀಬೇಕಿತ್ತು."

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ತೆಗೆದದ್ದು ಜೀವ ಉಳಿಸಲಿಕ್ಕೇ. ಅತ್ತೆಯಾದರೂ ಹೇಗೆ ಹೇಳಿಯಾರು? ಏನು ಕಳೆದಿದೆ ಎಂದು ಹೇಳುವ ಮಾತೇ ಅವರಿಂದ ಹೋಗಿತ್ತು. ಕಳೆದಿದೆ ಎಂಬುದಷ್ಟೇ ಕೈಗೆ ಗೊತ್ತಿತ್ತು.

ಕೈಕಾಲು ಮುಖ ತೊಳೆಸಿದೆ. ಹಣೆಗೆ ವಿಭೂತಿ ಹಚ್ಚಿದೆ. ಅವಳು ಕಪಾಟಿನಿಂದ ತಂದುಕೊಟ್ಟ ಬೆಳ್ಳಿಯ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟೆ. ಚಮಚ ಹಿಡಿಯಲು ತಡಕಾಡುವ ಕೈ ಅದು. ಈಗ ತಾನಾಗಿಯೇ ಬಟ್ಟಲಾಯಿತು. ಬಲಗೈ ನೀರೆರೆಯಿತು, ಲಿಂಗಕ್ಕೆ ವಿಭೂತಿ ಹಚ್ಚಿತು, ಒಂದು ಹನಿಯೂ ಸೀರೆಯ ಮೇಲೆ ಬೀಳಲಿಲ್ಲ. ತುಟಿ ಅಲುಗಿತು. ಪಕ್ಕದ ಮುದುಕಿಯೂ ಕೈಮುಗಿದಳು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ನಮ್ಮ ಅತ್ತೆಯನ್ನು ಕಂಡೆ.

ಪೂಜೆ ಮುಗಿದದ್ದೇ ಬಾಯಿ ತೆರೆದರು. ಬಿಸಿ ಅನ್ನ, ಸಾರು ತರಿಸಿ ಕಲಸಿ ಉಣಿಸಿದೆ. ತಾಟು ಖಾಲಿಯಾಯಿತು. ಮೂಗಿನ ನಳಿಯ ಮಾತು ಅಲ್ಲಿಗೇ ನಿಂತಿತು. ಅಷ್ಟು ಸಾಕು ಅಂದುಕೊಂಡೆ.

ದಾರದ ಚಿಂತೆ ಉಳಿದಿತ್ತು. ನಮ್ಮಲ್ಲಿ ಕೆಲವರು ಲಿಂಗವನ್ನು ರಟ್ಟೆಗೆ ಕಟ್ಟಿಕೊಳ್ಳುತ್ತಾರೆ, ತೀರಿಹೋದ ಮಾವನವರೂ ಹಾಗೇ ಕಟ್ಟುತ್ತಿದ್ದರು. ಮೆತ್ತನೆಯ ಅರಿವೆಯಲ್ಲಿ ಸುತ್ತಿ ಅತ್ತೆಯ ರಟ್ಟೆಗೆ ಕಟ್ಟಿದೆ. ಎಷ್ಟು ಸಡಿಲ ಇರಬೇಕು ಎಂದು ಆ ಹೆಣ್ಣುಮಗಳು ಬೆರಳು ತೂರಿಸಿ ನೋಡಿ ಕಲಿತುಕೊಂಡಳು. "ದಿನಾ ಮುಂಜಾನೆ ಕೈಯಾಗ ನಾನ ಕೊಡ್ತೀನ್ರಿ. ಉಂಡ ಕೂಡ್ಲೇ ಫೋನ್ ಮಾಡ್ತೀನಿ" ಎಂದಳು.

ಕರೆದುಕೊಂಡು ಹೋಗುವ ಮಾತು ನನ್ನ ಬಾಯಿಯ ತುದಿಯಲ್ಲೇ ಇತ್ತು. ಮಗ್ಗ ನೆನಪಾಯಿತು.

ಹೊರಡಲು ಎದ್ದಾಗ ಅತ್ತೆ ನನ್ನ ಕೈ ಹಿಡಿದರು.

"ಯಾವೂರವ್ವಾ ನಿಂದು?"

"ಬನಹಟ್ಟಿರೀ."

"ಹೌದ? ನಮ್ಮನಿ ಅಲ್ಲೇ ಐತಿ. ಹಂಗಾರ ಒಂದು ಉಪಕಾರ ಮಾಡು. ಮನ್ಯಾಗ ನಮ್ಮ ಸೊಸಿ ಇರ್ತಾಳ. ನಾ ಉಣ್ಣೂತನಕ ಆಕಿ ಉಣ್ಣೂದಿಲ್ಲ, ಹುಚ್ಚಿ. ನಿಮ್ಮತ್ತಿ ಪೂಜಿ ಆತು, ಊಟ ಆತು, ನೀನೂ ಉಣ್ಣು ಅಂತ ಹೇಳು. ದಾರಿ ಕಾಯಬ್ಯಾಡ ಅನ್ನು."

ಮದುವೆಯಾಗಿ ಬಂದಂದಿನಿಂದ ನಾನು ಪಾಲಿಸಿದ ಪದ್ಧತಿ ಅದು. ಅವರು ಜಮಖಂಡಿಗೆ ಹೋದ ಮೇಲೆ ತಾನಾಗಿ ನಿಂತಿತ್ತು.

"ಹೇಳ್ತೀನ್ರಿ" ಎಂದೆ.

"ಮರೀಬ್ಯಾಡ ಮತ್ತ."

"ಇಲ್ರಿ."

ಸಂಜೆ ಮನೆ ಮುಟ್ಟಿದಾಗ ನಮ್ಮ ಮನೆಯವರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದರು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬೀದಿ ನೋಡಿದರು.

"ಉಂಡಳೇನು?"

"ಉಂಡ್ರು. ತಾಟ ಖಾಲಿ ಮಾಡಿದ್ರು."

"ನನ್ನ ಕೇಳಿದಳೇನು?"

ಸುಳ್ಳು ಹೇಳಲು ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. "ಮನಿ ನೆನಸಿದ್ರು" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಗ್ಗ ಮತ್ತೆ ಸದ್ದು ಮಾಡಿತು.

ನಾನು ಅಡುಗೆಮನೆಯಲ್ಲಿ ಕುಳಿತು ಮುಂಜಾನೆಯ ರೊಟ್ಟಿಯನ್ನು ಮುರಿದೆ. ಹೇಳಿ ಕಳಿಸಿದ್ದರಲ್ಲ, ಉಂಡೆ. ಕೊನೆಯ ತುತ್ತು ಇನ್ನೂ ಬಾಯಲ್ಲಿತ್ತು, ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು, "ಅಕ್ಕಾರ, ನಳಾ ಬಂದಾವ್ರೀ!" ಕೈ ತೊಳೆದುಕೊಂಡು ಕೊಡ ಎತ್ತಿಕೊಂಡು ನೀರು ಹಿಡಿಯಲು ಹೋದೆ.