ಪ್ಯಾಂಟು ಬಿಡದ ಅಳಿಯ

ಬ್ರೀಕಿನ್ ಊರಿನಲ್ಲಿ ಯಾರ ಮನೆಯ ಬಾಯ್ಲರ್ ಕೆಟ್ಟರೂ ಕ್ಲೈವ್ ಆರ್ಮಿಟೇಜ್‌ಗೇ ಬುಲಾವ್. ಮನುಷ್ಯ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯವನು. ಕಾಯಂ ಕೆಲಸ ಸಿಕ್ಕಿತೆಂದು ಚಿಕ್ಕ ವಯಸ್ಸಿನಲ್ಲೇ ಸ್ಕಾಟ್ಲೆಂಡಿಗೆ ಬಂದ, ಕಲ್ಲುಕುಟಿಗ ವಾಟಿ ಗಥ್ರಿಯ ಮಗಳು ರೋನಾಳನ್ನು ಮದುವೆಯಾದ, ಇಲ್ಲೇ ಬೇರುಬಿಟ್ಟ. ಈಗ ಎಪ್ಪತ್ತು ದಾಟಿದೆ. ಚಳಿಗಾಲದ ಬೆಳಗಿನಲ್ಲಿ ನಿಮ್ಮ ಮನೆಯ ನಲ್ಲಿಯಲ್ಲಿ ಬಿಸಿನೀರು ಬಂದರೆ ಅದರ ಪುಣ್ಯ ಕ್ಲೈವ್‌ನದು. ಆದರೂ ಬೆನ್ನ ಹಿಂದೆ ಊರು ಅವನನ್ನು ಕರೆಯುತ್ತಿದ್ದದ್ದು ಪ್ಯಾಂಟು ಕ್ಲೈವ್ ಎಂದು.

ಗಥ್ರಿಯವರ ಮನೆಯ ಯಾವ ಮದುವೆಯ ಫೋಟೋ ಬೇಕಾದರೂ ತೆಗೆದು ನೋಡಿ. ಗಂಡಸರೆಲ್ಲ ಗಥ್ರಿ ಮನೆತನಕ್ಕೇ ಸೇರಿದ ಕೆಂಪು ಹಸಿರು ನೀಲಿ ಚೌಕಳಿಯ ಉಣ್ಣೆ ಕಿಲ್ಟ್ ಸೊಂಟಕ್ಕೆ ಸುತ್ತಿ, ಹಿಂದೆ ನೆರಿಗೆ ಇಳಿಬಿಟ್ಟು, ಮುಂದೆ ತೊಗಲಿನ ಚೀಲ ಕಟ್ಟಿ, ಮಂಡಿ ಕಾಣಿಸುವಂತೆ ನಿಂತಿದ್ದಾರೆ. ಆ ಸಾಲಿನ ಕೊನೆಗೆ ಬೂದು ಪ್ಯಾಂಟು ಹಾಕಿಕೊಂಡು ಒಬ್ಬ ನಿಂತಿರುತ್ತಾನಲ್ಲ, ಅವನೇ ಕ್ಲೈವ್. ಸ್ವಂತ ಮದುವೆಯ ಫೋಟೋದಲ್ಲೂ ಅದೇ ಪ್ಯಾಂಟು.

ಅದರ ಹಿಂದೆ ಒಂದು ಮಾತಿತ್ತು. ಮದುವೆಯ ಹಿಂದಿನ ಸಂಜೆ ಹೋಟೆಲಿನಲ್ಲಿ ಗಂಡಸರೆಲ್ಲ ಕುಡಿಯುತ್ತ ಕೂತಿದ್ದಾಗ ವಾಟಿ ಮುದುಕ ತನ್ನ ದಪ್ಪ ಬೆರಳನ್ನು ಅಳಿಯನ ಎದೆಗೆ ಇಟ್ಟು ಹೇಳಿದ್ದ: "ನಾಳೆ ನೀನು ಪ್ಯಾಂಟೇ ಹಾಕ್ಕೊಂಡು ಬಾರಪ್ಪ. ಗಥ್ರಿ ಚೌಕಳೀನ ಒಬ್ಬ ಇಂಗ್ಲಿಷಿನವನು ಉಟ್ಟ ಅಂದ್ರೆ ನಮ್ಮಜ್ಜಂದಿರು ಗೋರಿ ಒದ್ದುಕೊಂಡು ಎದ್ದು ಬರ್ತಾರೆ. ಅಲ್ಲದೆ ನಿಮ್ಮ ಕಡೆಯೋರ ಮಂಡಿ ನಮ್ಮೂರ ಗಾಳಿ ತಡೆಯಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕ್ಲೈವ್‌ನ ಕಿವಿ ಕೆಂಪಾಯಿತು. "ಸರಿ ಸರ್," ಅಂದ. ಅಷ್ಟೇ ಅಂದದ್ದು.

ಆಮೇಲೆ ಆ ಮಾತನ್ನು ಅವನು ಯಾರ ಮುಂದೆಯೂ ಎತ್ತಲಿಲ್ಲ, ಹೆಂಡತಿಯ ಮುಂದಂತೂ ಇಲ್ಲವೇ ಇಲ್ಲ. ಹೆತ್ತ ಅಪ್ಪ ಹೀಗಂದ ಎಂದು ಅವಳಿಗೆ ಹೇಳಿ ಮನಸ್ಸು ಕೆಡಿಸುವುದು ಯಾಕೆ ಎಂದುಕೊಂಡ. ಇಂಥ ಒಳ್ಳೆಯತನಕ್ಕೆ ಬೆಂಕಿ ಹಾಕ. ತನ್ನ ತಮ್ಮನ ಮದುವೆಗೆ ರೋನಾ ಕೇಳಿದಳು: "ಬಾಡಿಗೆಗಾದ್ರೂ ಒಂದು ತಗೊಂಡು ಉಟ್ಕೊಳ್ಳೋ. ಚೆನ್ನಾಗಿ ಕಾಣ್ತೀಯ."

"ಅದೆಲ್ಲ ನಮ್ಮಂಥವರಿಗಲ್ಲ ಬಿಡು," ಅಂದ ಕ್ಲೈವ್.

ಅವನ ಲೆಕ್ಕದಲ್ಲಿ ಅದು ತಗ್ಗಿ ಆಡಿದ ಮಾತು. ಅವಳ ಕಿವಿಗೆ ಅದು ಬೇರೆಯೇ ಆಗಿ ಬಿತ್ತು. ಇನ್ನೂ ಎರಡು ಮೂರು ಸಲ ಕೇಳಿದಳು, ಅದೇ ಉತ್ತರ ಬಂತು, ಕೇಳುವುದನ್ನೇ ಬಿಟ್ಟಳು. ಮಕ್ಕಳಾಗಲಿಲ್ಲ. ವಾಟಿ ಸತ್ತ. ಗಂಡ ಹೆಂಡಿರು ಜಗಳವಿಲ್ಲದೆ, ಒಂದೇ ಕೆಟಲ್ಲಿನ ಚಹಾ ಕುಡಿಯುತ್ತ ಮುದುಕರಾದರು.

ಈಚೆಗೆ ಸ್ಟ್ರಾಬೆರಿ ಹೊಲಗಳ ಕೆಲಸಕ್ಕೆ ಬಂದ ಪೋಲೆಂಡಿನ ಮಾರೆಕ್ ಎಂಬವನು ನಮ್ಮೂರ ಹುಡುಗಿಯನ್ನೇ ಮದುವೆಯಾದ. ಬಾಡಿಗೆಯ ಕಿಲ್ಟ್ ಉಟ್ಟು ಚರ್ಚಿನಿಂದ ಹೊರಗೆ ಬಂದವನನ್ನು ನೋಡಿ ಮಾಂಸದಂಗಡಿಯ ಬೋಳು ತಲೆಯ ಹ್ಯೂಯಿ ಸುಮ್ಮನಿರುತ್ತಾನೆಯೇ?

"ಏನಯ್ಯ ಇದು, ಕರಡಿಗೆ ಲಂಗ ಉಡಿಸಿದ್ದು ಯಾರು? ಕಾಲ ತುಂಬ ಕೂದಲು."

"ನಿನ್ನ ತಲೆ ಮೇಲೆ ಇರಬೇಕಾದ್ದು ಕಣಣ್ಣ. ಬೇಕಾದ್ರೆ ಬೋಳಿಸ್ಕೊಂಡು ತಗೊಂಡೋಗು," ಅಂದ ಮಾರೆಕ್.

ಬೀದಿಯೇ ಹೋ ಎಂದು ನಕ್ಕಿತು. ಹ್ಯೂಯಿ ಅವನನ್ನು ತಬ್ಬಿಕೊಂಡ. ಅಲ್ಲಿಗೆ ಮಾರೆಕ್ ಊರಿನವನಾದ. ಎದುರಿನ ಫುಟ್‌ಪಾತಿನಲ್ಲಿ ಟೂಲು ಚೀಲ ಹಿಡಿದು ನಿಂತಿದ್ದ ಕ್ಲೈವ್ ಎಲ್ಲವನ್ನೂ ನೋಡಿದ. ನಿನ್ನೆ ಮೊನ್ನೆ ಬಂದವನಿಗೆ ಸಿಕ್ಕಿದ್ದು ತನಗೆ ಯಾಕೆ ಸಿಗಲಿಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದ. ವಾಟಿಗೆ ತನ್ನನ್ನು ಕಂಡರೆ ಆಗುತ್ತಿರಲಿಲ್ಲ, ಅಷ್ಟೇ ಎಂದು ತೀರ್ಮಾನ ಮಾಡಿಕೊಂಡ. ಬೇರೆ ಏನೂ ಹೊಳೆಯಲಿಲ್ಲ ಅವನಿಗೆ.

ಆ ಚಳಿಗಾಲದಲ್ಲಿ ರೋನಾಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ವಸಂತ ಬರುವ ಹೊತ್ತಿಗೆ ಡಾಕ್ಟರು ಕೈಚೆಲ್ಲಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಗಂಡನ ತೋಳು ಹಿಡಿದುಕೊಂಡಳು.

"ನಂಗೊಂದಾಸೆ ಇದೆ. ಇಲ್ಲ ಅನ್ನಬೇಡ. ಅಪ್ಪನ ಕಿಲ್ಟ್ ಇನ್ನಿಸ್ ಮನೇಲಿದೆ. ಒಂದ್ಸಲ ಉಟ್ಕೊಂಡು ಬಾ. ನಮ್ಮವನಾಗಿ ನಿಂತಿದ್ದನ್ನ ಒಂದ್ಸಲ ನೋಡಿಬಿಡ್ತೀನಿ."

ಇನ್ನಿಸ್ ಎಂದರೆ ರೋನಾಳ ತಮ್ಮ. ಕ್ಲೈವ್ ಜೊತೆ ಅವನ ಮಾತುಕತೆ ಹವಾಮಾನ ದಾಟಿ ಹೋದದ್ದಿಲ್ಲ. ಕ್ಲೈವ್ ನೇರವಾಗಿ ಅವನ ಮನೆಗೆ ಹೋದ. ಬಾಗಿಲಲ್ಲಿ ನಿಂತು ಟೋಪಿ ಕೈಯಲ್ಲಿ ತಿರುಗಿಸುತ್ತ, "ನಿಮ್ಮಪ್ಪನ ಕಿಲ್ಟ್ ಬೇಕಾಗಿತ್ತು. ರೋನಾ ಕೇಳ್ತಿದಾಳೆ, ನಾನು ಉಡಬೇಕಂತೆ. ಇಂಗ್ಲಿಷಿನವನು ಉಡೋದು ನಿಮಗೆ ಸರಿಬರಲ್ಲ, ಗೊತ್ತು. ಅವಳ ಮುಖ ನೋಡಿ ಕೊಡಿ," ಅಂದ.

ಇನ್ನಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸರಿಬರಲ್ಲ ಅಂತ ಯಾರು ಹೇಳಿದ್ದು ನಿಂಗೆ?"

"ನಿಮ್ಮಪ್ಪ. ಮದುವೆ ಹಿಂದಿನ ಸಂಜೆ."

ಇನ್ನಿಸ್ ಒಳಕ್ಕೆ ಹೋದ. ಬೀರು ತೆರೆದ ಸದ್ದು ಕೇಳಿಸಿತು. ಬಂದಾಗ ಅವನ ಕೈಯಲ್ಲಿ ಎರಡು ಕಿಲ್ಟ್ ಇದ್ದವು. ಒಂದು ವಾಟಿಯದು, ಉಟ್ಟು ಉಟ್ಟು ಮೆತ್ತಗಾದದ್ದು. ಇನ್ನೊಂದರ ನೆರಿಗೆ ಕೆಡದಿರಲೆಂದು ದರ್ಜಿ ಹಾಕಿದ್ದ ಬಿಳಿ ದಾರವನ್ನೇ ಇನ್ನೂ ಬಿಚ್ಚಿರಲಿಲ್ಲ.

"ಇದು ನಿಂದು. ಅಪ್ಪ ಹೊಲಿಸಿದ್ದು. ನಿನ್ನ ಸೊಂಟದ ಅಳತೇನ ಬೇರೇನೋ ನೆಪ ಹೇಳಿ ಅಕ್ಕನ ಹತ್ರಾನೇ ಕೇಳಿ ತಗೊಂಡಿದ್ದ. ಅವತ್ತು ಸಂಜೆ ಇದು ಹೋಟೆಲಿನಲ್ಲೇ ಇತ್ತು, ಅಪ್ಪನ ಕುರ್ಚಿ ಕೆಳಗೆ, ಕಾಗದದಲ್ಲಿ ಸುತ್ತಿ. ನೀನು ತಿರುಗಿ ಒಂದು ಬೈಗುಳ ಬೈದ್ರೆ ತೆಗೆದು ನಿನ್ನ ಮುಖಕ್ಕೆ ಎಸೀಬೇಕು ಅಂತ ಕಾಯ್ತಾ ಕೂತಿದ್ದ."

ಕ್ಲೈವ್ ಆ ಬಿಳಿ ದಾರವನ್ನು ಮುಟ್ಟಿ ನೋಡಿದ.

"ನೀನು 'ಸರಿ ಸರ್' ಅಂದೆ," ಅಂದ ಇನ್ನಿಸ್. "ನಮ್ಮಪ್ಪಂಗೆ ಜನ್ಮದಲ್ಲಿ ಯಾರೂ ಸರ್ ಅಂದಿರಲಿಲ್ಲ. ಇವನಿಗೆ ನಮ್ಮದು ಬೇಕಾಗಿಲ್ಲ, ದೂರ ಇಡ್ತಿದಾನೆ ಅಂದ್ಕೊಂಡ. ಅಕ್ಕಂಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ. ನಾವೆಲ್ಲ ಹಂಗೇ ಅಂದ್ಕೊಂಡ್ವಿ. ಇವನಿಗೆ ನಾವು ಅಂದ್ರೆ ಸಸಾರ, ಮಂಡಿ ತೋರಿಸೋದು ಮರ್ಯಾದೆ ಅಲ್ಲ ಇವನಿಗೆ ಅಂತ."

"ನನಗೆ ತಮಾಷೆ ಅಂತ ಗೊತ್ತಾಗಲಿಲ್ಲ."

"ಬೈದ್ರೆ ತಿರುಗಿ ಬೈಬೇಕು ಕಣೋ ಭಾವ. ಚಿಕ್ಕ ಮಗೂಗೂ ಗೊತ್ತು."

ಭಾವ ಎಂದು ಅವನು ಕರೆದದ್ದು ಅದೇ ಮೊದಲು. ಈ ಊರಿನಲ್ಲಿ ಪ್ರೀತಿ ಬೈಗುಳದ ವೇಷದಲ್ಲೇ ಬರುತ್ತದೆ. ಬೇರೆ ವೇಷ ಅದಕ್ಕೆ ಗೊತ್ತಿಲ್ಲ. ಅದನ್ನು ಕ್ಲೈವ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕು ಎಂದು ಯಾರಿಗೂ ತೋಚಿರಲೂ ಇಲ್ಲ. ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಒಂದು ಜೀವಮಾನವನ್ನೇ ಹಾಳು ಮಾಡಿಕೊಂಡರಲ್ಲ, ಇವರಿಗೇನು ಹೇಳುವುದು.

ಹೊಸ ಕಿಲ್ಟನ್ನು ಕ್ಲೈವ್ ಸೊಂಟಕ್ಕೆ ಸುತ್ತಿಕೊಂಡ. ಇನ್ನಿಸ್ ಮಂಡಿಯೂರಿ ಕೂತು ಪಟ್ಟಿ ಎಳೆದ. ಬಕಲ್‌ಗೂ ಪಟ್ಟಿಗೂ ಒಂದು ಗೇಣು ಅಂತರ. ಇಪ್ಪತ್ತರ ಹರೆಯದ ಸೊಂಟಕ್ಕೆ ಹೊಲಿದದ್ದು, ಎಷ್ಟು ಎಳೆದರೂ ಬರಲಿಲ್ಲ. ಕೊನೆಗೆ ಇನ್ನಿಸ್ ವಾಟಿಯದನ್ನೇ ಉಡಿಸಿದ. ಮುದುಕನೂ ಕೊನೆಗಾಲದಲ್ಲಿ ಹೊಟ್ಟೆ ಬಿಟ್ಟಿದ್ದ, ಹೇಳಿ ಮಾಡಿಸಿದಂತೆ ಕೂತಿತು. ಅಪ್ಪನ ಕೋಟು, ಅಪ್ಪನ ಉಣ್ಣೆಯ ಕಾಲುಚೀಲ, ಎಲ್ಲವನ್ನೂ ತೊಡಿಸಿ ಇನ್ನಿಸ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಹೆಂಗಿದೀನಿ?" ಕ್ಲೈವ್ ಕೇಳಿದ.

"ಸೋಫಾಗೆ ಗವಸು ಹಾಕಿದಂಗಿದೀಯ," ಅಂದ ಇನ್ನಿಸ್. ಅವನ ಕಣ್ಣು ತುಂಬಿತ್ತು.

ತಿರುಗಿ ಏನು ಬೈಯಬೇಕೆಂದು ಕ್ಲೈವ್‌ಗೆ ಆಗಲೂ ಹೊಳೆಯಲಿಲ್ಲ.

ಇನ್ನಿಸ್ ತನ್ನ ವ್ಯಾನಿನಲ್ಲೇ ಕರೆದುಕೊಂಡು ಹೋದ. ದಾರಿಯಲ್ಲಿ ಕ್ಲೈವ್ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ನಿಮ್ಮಪ್ಪ ತಮಾಷೆ ಮಾಡಿದ್ದ ಕಣೇ, ನಾನು ದಡ್ಡ, ನನಗೆ ಯಾವತ್ತೂ ಉಡುವ ಆಸೆ ಇತ್ತು. ಇಷ್ಟು ಹೇಳಿದರೆ ಸಾಕು, ಅವಳು ನಕ್ಕುಬಿಡುತ್ತಾಳೆ, ಅಷ್ಟು ನಗು ನೋಡಿದರೆ ತನಗೆ ಸಾಕು. ಕಿಟಕಿಯಿಂದ ಬರಿಯ ಮಂಡಿಗೆ ಗಾಳಿ ಹೊಡೆಯುತ್ತಿತ್ತು.

ವಾರ್ಡಿನ ನರ್ಸ್ ಅವನನ್ನು ನೋಡಿ ಮುಗುಳ್ನಕ್ಕಳು. ಆಮೇಲೆ ದನಿ ತಗ್ಗಿಸಿ, "ಮಧ್ಯಾಹ್ನ ನೋವು ಜಾಸ್ತಿಯಾಯ್ತು, ಮದ್ದು ಏರಿಸಿದೀವಿ. ಮಾತು ಸ್ವಲ್ಪ ಹಿಂದುಮುಂದಾಗಬಹುದು," ಎಂದಳು. ಇನ್ನಿಸ್ ಬಾಗಿಲ ಹೊರಗೇ ಉಳಿದ.

ಕ್ಲೈವ್ ಹಾಸಿಗೆಯ ಪಕ್ಕದಲ್ಲಿ ನೆಟ್ಟಗೆ ನಿಂತ. ರೋನಾ ಕಣ್ಣು ಬಿಟ್ಟಳು. ಕಾಲುಚೀಲ, ಚೌಕಳಿ, ಕೋಟು, ಬಿಳಿ ಮೀಸೆ, ಒಂದೊಂದನ್ನೇ ನಿಧಾನವಾಗಿ ನೋಡಿದಳು. ಅವಳ ಮುಖ ಅರಳಿತು.

"ಬಂದ್ಯಾ ಅಪ್ಪ," ಎಂದಳು.

"ನಾನು ಕಣೇ. ಕ್ಲೈವ್. ನೋಡು, ಉಟ್ಕೊಂಡು ಬಂದಿದೀನಿ."

"ಕ್ಲೈವ್ ಬರ್ತೀನಿ ಅಂದಿದ್ದ ಅಪ್ಪ. ಬರಲ್ಲ ಬಿಡು. ಒಳ್ಳೇವನೇ, ಒಂದಿನ ಜೋರಾಗಿ ಮಾತಾಡಿದವನಲ್ಲ. ಆದ್ರೆ ನಮ್ಮದು ಅಂದ್ರೆ ಅವನಿಗೆ ಆಗಲ್ಲ. ಕಿಲ್ಟ್ ಉಟ್ಕೋ ಅಂತ ಎಷ್ಟು ಸಲ ಹೇಳಿದೆ, ಒಂದ್ಸಲಾನೂ ಉಡಲಿಲ್ಲ."

"ರೋನಾ, ನನ್ನ ಮುಖ ನೋಡು. ನಾನೇ ಕಣೇ."

"ನೀನೇನೂ ಬೇಜಾರು ಮಾಡ್ಕೋಬೇಡಪ್ಪ," ಎಂದು ಅವಳೇ ಅವನ ಕೈ ತಟ್ಟಿದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಅವನು ಹೇಳಿದ. ಎಲ್ಲವನ್ನೂ ಹೇಳಿದ, ಎರಡೆರಡು ಸಲ ಹೇಳಿದ. ಅವಳು ತಂದೆಯ ಮಾತು ಕೇಳುವ ಮಗಳಂತೆ ಹೂಂಗುಟ್ಟಿದಳು. ಒಂದೂ ಒಳಗೆ ಇಳಿಯಲಿಲ್ಲ. ಕೊನೆಗೆ ಅವನು ಸೋತು, ಅವಳಿಗೆ ಬೇಕಾದ ಮಾತನ್ನೇ ಆಡಿದ.

"ಬರ್ತಾನಮ್ಮ. ದಾರೀಲಿದಾನೆ."

"ನಿಜವಾ?" ಎಂದಳು ರೋನಾ. ಅವನ ಕೈ ಬಿಟ್ಟು, ಕಷ್ಟಪಟ್ಟು ಬಾಗಿಲ ಕಡೆಗೆ ಮಗ್ಗುಲಾದಳು. ಅವಳ ಬೆನ್ನು ಅವನ ಕಡೆಗಾಯಿತು.

ಸಂಜೆಯ ಹೊತ್ತಿಗೆ ಉಸಿರು ನಿಂತಿತು. ಅಲ್ಲಿಯವರೆಗೂ ಅವಳು ಈ ಕಡೆ ತಿರುಗಲಿಲ್ಲ.